ಮುಂದೆ ಶಾಕ್ ಇದ್ದರೆ ಸಾಕಾ? ನಮ್ಮ ದಾರಿ, ನಮ್ಮ ಸೈಕಲ್, ಒಂದು ಫೋರ್ಕಿನ ಇತಿಹಾಸ

ಇವತ್ತಿನ ಕಥೆ ಶುರುವಾಗಿದ್ದು ನಮ್ಮನೆ ಪಡಸಾಲೆಯಲ್ಲಿ.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮೂರು ಇಂಡಿ ತಾಲ್ಲೂಕಿನ ಒಂದು ಹಳ್ಳಿ. ಅಣ್ಣನ ಮಗ, ಪಿಯುಸಿ ಮೊದಲ ವರ್ಷ ಓದ್ತಿರೋನು, ಫೋನ್ ಹಿಡ್ಕೊಂಡು ಬಂದ.

"ಅತ್ತಿ, ಇಲ್ಲಿ ನೋಡು. ಸೆಕೆಂಡ್ ಹ್ಯಾಂಡ್ ಏರ್ ಶಾಕ್. ಏಳು ಸಾವಿರಕ್ಕ ಕೊಡ್ತಾರಂತ. ನನ್ನ ಸೈಕಲ್ಲಿಗೆ ಹಾಕಿಸಿಬಿಟ್ರ ಮುಗೀತು."

ಪಕ್ಕದಲ್ಲಿ ಕೂತಿದ್ದ ನಮ್ಮಪ್ಪ ಕನ್ನಡಕ ಸರಿ ಮಾಡ್ಕೊಂಡು ಫೋನ್ ನೋಡಿದರು. "ನಮ್ಮ ಕಾಲಕ್ಕ ಶಾಕ್ ಅಂದ್ರ ಕರೆಂಟ್ ಹೊಡಿಯೋದಷ್ಟ ಗೊತ್ತಿತ್ತಪಾ" ಅಂದರು. ಎಲ್ಲರೂ ನಕ್ಕೆವು. ಹುಡುಗ ಮಾತ್ರ ನಗಲಿಲ್ಲ.

ಯಾಕಂದ್ರೆ ಅವನ ಹತ್ರ ಇದ್ದದ್ದು ಒಟ್ಟು ಎಂಟು ಸಾವಿರ. ಸೂಟಿಯಲ್ಲಿ ನಿಂಬೆ ತೋಟಗಳಿಗೆ ಕಾಯಿ ಹರಿಯೋಕೆ ಹೋಗಿ ಕೂಡಿಸಿದ ದುಡ್ಡು. ದಿನಾ ಕಾಲೇಜಿಗೆ ಹೋಗಿಬರೋದು 18 ಕಿಲೋಮೀಟರ್. ಅದರ ಮೇಲೆ ಅವನಿಗೊಂದು ಆಸೆ: ಮೌಂಟೇನ್ ಬೈಕ್ ರೇಸಿನ ಆಯ್ಕೆ ಟ್ರಯಲ್‌ಗೆ ಹೋಗಬೇಕು. ವಿಜಯಪುರ ಜಿಲ್ಲೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಸೈಕ್ಲಿಂಗ್ ಬರೀ ಆಟ ಅಲ್ಲ. ಜಾತ್ರೆಯ ಸೈಕಲ್ ಶರ್ಯತ್ತಿನಿಂದ ಕ್ರೀಡಾ ನಿಲಯ, ಅಲ್ಲಿಂದ ರಾಷ್ಟ್ರಮಟ್ಟ, ಅಲ್ಲಿಂದ ರೈಲ್ವೆಯಲ್ಲೋ ಸೇನೆಯಲ್ಲೋ ಕ್ರೀಡಾ ಕೋಟಾದ ನೌಕರಿ. ಹಳ್ಳಿ ಹುಡುಗ ಹುಡುಗಿಯರು ಹತ್ತಿ ಹೋದ ಏಣಿ ಅದು.

ಹಾಗಾಗಿ "ಶಾಕ್ ತಗೊಳ್ಳಲಾ ಬೇಡವಾ" ಅನ್ನೋದು ಸಣ್ಣ ಪ್ರಶ್ನೆ ಆಗಿರಲಿಲ್ಲ. ನಾನು "ಒಂದು ವಾರ ತಡಿ, ಉತ್ತರ ಹೇಳ್ತೀನಿ" ಅಂದೆ. ಆ ಉತ್ತರ ಹುಡುಕ್ತಾ ಹೋದವಳು ಇನ್ನೂರು ವರ್ಷ ಹಿಂದಕ್ಕೆ ಹೋಗಿಬಿಟ್ಟೆ.

ಎಲುಬು ನಡುಗಿಸುವ ಗಾಡಿ

ಸೈಕಲ್ಲಿನ ಮೂಲಪುರುಷ ಹುಟ್ಟಿದ್ದು ಜರ್ಮನಿಯಲ್ಲಿ, 1817ರಲ್ಲಿ. ಕಾರ್ಲ್ ಫಾನ್ ಡ್ರೈಸ್ ಅನ್ನೋ ಮನುಷ್ಯ ಮ್ಯಾನ್‌ಹೈಮ್ ಊರಿನಲ್ಲಿ ಎರಡು ಗಾಲಿಯ ಒಂದು ಕಟ್ಟಿಗೆ ಗಾಡಿ ಓಡಿಸಿದ. ಪೆಡ್ಲು ಇಲ್ಲ, ಕಾಲಿಂದ ನೆಲ ಒದೆಯುತ್ತಾ ಹೋಗಬೇಕು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಗಾಲಿಗೆ ಪೆಡ್ಲು ಬಂತು. ಆದ್ರೆ ಗಾಲಿ ಹೇಗಿತ್ತು ಗೊತ್ತಾ? ನಮ್ಮ ಹಳೇ ಎತ್ತಿನ ಬಂಡಿಯ ಗಾಲಿ ಇದ್ದ ಹಾಗೆ: ಒಳಗೆ ಕಟ್ಟಿಗೆ, ಸುತ್ತಲೂ ಕಬ್ಬಿಣದ ಪಟ್ಟಿ. ಕಲ್ಲು ಹಾಸಿದ ಬೀದಿಯಲ್ಲಿ ಅದನ್ನ ಓಡಿಸಿದ ಇಂಗ್ಲಿಷರು ಅದಕ್ಕೆ ಇಟ್ಟ ಹೆಸರು "ಬೋನ್‌ಶೇಕರ್". ಅಂದ್ರೆ ಎಲುಬು ನಡುಗಿಸೋದು.

ಆಗಿನಿಂದ ಇವತ್ತಿನವರೆಗೂ ಸೈಕಲ್ ಮಾಡುವವರ ತಲೆಯಲ್ಲಿ ಒಂದೇ ಪ್ರಶ್ನೆ. ನೆಲದ ಹೊಡೆತ ಮನುಷ್ಯನ ಕೈಗೆ, ಬೆನ್ನಿಗೆ ಮುಟ್ಟೋದಕ್ಕಿಂತ ಮುಂಚೆ ಅದನ್ನ ಎಲ್ಲಿ ತಡೆಯಬೇಕು? ಗಾಲಿಯಲ್ಲಾ? ಫೋರ್ಕಿನಲ್ಲಾ? ಸೀಟಿನಲ್ಲಾ?

ಮೊದಲ ದೊಡ್ಡ ಉತ್ತರ ಬಂದಿದ್ದು ಗಾಲಿಯಿಂದ. ಬೆಲ್‌ಫಾಸ್ಟ್‌ನಲ್ಲಿದ್ದ ಜಾನ್ ಬಾಯ್ಡ್ ಡನ್ಲಪ್ ದನದ ಡಾಕ್ಟರು. ಮಗನ ಮೂರು ಗಾಲಿ ಸೈಕಲ್ ಗಡಗಡ ಅನ್ನೋದನ್ನ ನೋಡಲಾರದೆ ರಬ್ಬರಿನ ಕೊಳವೆಗೆ ಹವಾ ತುಂಬಿ ಗಾಲಿಗೆ ಸುತ್ತಿದರು. 1888ರಲ್ಲಿ ಪೇಟೆಂಟ್ ತಗೊಂಡರು. ಅವರಿಗಿಂತ ಮುಂಚೆ, 1845ರಲ್ಲೇ, ರಾಬರ್ಟ್ ಥಾಮ್ಸನ್ ಅನ್ನೋರು ಇದೇ ವಿಚಾರಕ್ಕೆ ಪೇಟೆಂಟ್ ತಗೊಂಡಿದ್ದರು. ಆಗ ಹಾಕೋಕೆ ಸೈಕಲ್ಲೇ ಇರಲಿಲ್ಲ!

1889ರಲ್ಲಿ ಬೆಲ್‌ಫಾಸ್ಟ್‌ನ ಒಂದು ರೇಸಿಗೆ ವಿಲಿಯಂ ಹ್ಯೂಮ್ ಅನ್ನೋ ಸವಾರ ಈ ದಪ್ಪ ದಪ್ಪ ಹವಾ ಟೈರು ಹಾಕ್ಕೊಂಡು ಬಂದ. ಆಮೇಲೆ ನಡೆದಿದ್ದೇ ಇತಿಹಾಸ. ಅವನು ಗೆದ್ದ. ಹವಾ ಟೈರು ಬರೀ ಮೆತ್ತಗಿರಲಿಲ್ಲ, ಜೋರಾಗಿಯೂ ಓಡ್ತಿತ್ತು. ಇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಗಟ್ಟಿ ಗಾಲಿ ಪ್ರತಿ ಕಲ್ಲಿಗೂ ಸವಾರನನ್ನ ಮೇಲಕ್ಕೆತ್ತಿ ಕುಕ್ಕುತ್ತೆ. ಹೀಗೆ ಎತ್ತೋದಕ್ಕೆ ಹೋಗುವ ಶಕ್ತಿ ನಮ್ಮ ಕಾಲಿನದ್ದೇ. ಹವಾ ಟೈರು ಕಲ್ಲನ್ನ ತನ್ನೊಳಗೆ ನುಂಗಿಕೊಂಡು ಮುಂದೆ ಹೋಗುತ್ತೆ.

ನಮ್ಮ ಕಡೆ ರಬ್ಬರ್ ಟೈರಿನ ಬಂಡಿಗೆ ಹಿರಿಯರು ಈಗಲೂ ಡನ್ಲಪ್ ಗಾಡಿ ಅಂತಾರಲ್ಲ, ಆ ಹೆಸರು ಬಂದಿದ್ದು ಇಲ್ಲಿಂದಲೇ.

ಅಪ್ಪನ ಸೈಕಲ್ಲಿನಲ್ಲಿ ಮೂರು ಶಾಕ್

ಈಗ ನಮ್ಮ ಅಂಗಳಕ್ಕೆ ಬನ್ನಿ. ದನದ ಕೊಟ್ಟಿಗೆ ಪಕ್ಕ ಅಪ್ಪನ ಕರೀ ಅಟ್ಲಾಸ್ ಸೈಕಲ್ ನಿಂತಿದೆ. ಅಟ್ಲಾಸ್ ಕಂಪನಿ ಹರಿಯಾಣದ ಸೋನಿಪತ್‌ನಲ್ಲಿ 1951ರಲ್ಲಿ ಶುರುವಾಗಿದ್ದು. ಮದ್ರಾಸಿನ ಟಿಐ ಸೈಕಲ್ಸ್ 1949ರಲ್ಲಿ, ಲೂಧಿಯಾನದ ಹೀರೋ ಸೈಕಲ್ಸ್ 1956ರಲ್ಲಿ. ಹೆಸರು ಬೇರೆ ಬೇರೆ ಆದರೂ ಎಲ್ಲರೂ ಮಾಡಿದ್ದು ಹೆಚ್ಚುಕಡಿಮೆ ಒಂದೇ ಸೈಕಲ್: ಇಂಗ್ಲೆಂಡಿನ ರ‍್ಯಾಲಿ, ಹಂಬರ್ ಕಂಪನಿಗಳ ರೋಡ್‌ಸ್ಟರ್.

ಅಪ್ಪನಿಗೆ ಈ ಸೈಕಲ್ ಅಂದ್ರೆ ರೈಲಿನಷ್ಟೇ ಮುಖ್ಯ. ನಮ್ಮ ಕಡೆ ನಿಲ್ದಾಣದ ಹೆಸರೇ "ಇಂಡಿ ರೋಡ್". ಅಂದ್ರೆ ಇಂಡಿಗೆ ಹೋಗೋ ದಾರಿ ಇಲ್ಲಿದೆ, ಊರು ಇನ್ನೂ ದೂರ ಅಂತ. ಸೊಲ್ಲಾಪುರಕ್ಕೆ ಹೋಗಬೇಕಾದರೆ ನಸುಕಿನಲ್ಲಿ ಸೈಕಲ್ ಹೊಡ್ಕೊಂಡು ನಿಲ್ದಾಣ ಮುಟ್ಟಬೇಕಿತ್ತು. ಹಿಂದೆ ಕ್ಯಾರಿಯರ್ ಮೇಲೆ ಒಂದು ಚೀಲ, ಮುಂದೆ ಹ್ಯಾಂಡಲ್ಲಿಗೆ ಬುತ್ತಿ.

"ಆ ದಾರಿಯೊಳಗ ಕೈ ನೋಯ್ತಿರಲಿಲ್ಲೇನಪ್ಪಾ?" ಅಂತ ಕೇಳಿದೆ.

"ಯಾಕ ನೋಯ್ತಾವ? ಸೈಕಲ್ ತಾನ ಕುಣೀತಿತ್ತು. ನಾ ಸುಮ್ಮ ಕೂಡ್ತಿದ್ದೆ."

ಎದ್ದು ಹೋಗಿ ಸೈಕಲ್ ನೋಡಿದೆ. ಚಿಕ್ಕವಳಿದ್ದಾಗ ಇದರ ತ್ರಿಕೋನದೊಳಗೆ ಕಾಲು ತೂರಿಸಿ ಓಡಿಸಿದವಳು ನಾನು. ಆದ್ರೂ ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ.

ಮುಂದಿನ ಫೋರ್ಕ್ ನೆಟ್ಟಗೆ ಇಳಿದಿಲ್ಲ. ತುದಿಗೆ ಬರ್ತಾ ಬರ್ತಾ ಮುಂದಕ್ಕೆ ಚೆನ್ನಾಗಿ ಬಾಗಿದೆ. ಕೊಳವೆಗಳು ಸಣ್ಣಗಿವೆ. ಗಾಲಿ ಕಲ್ಲಿಗೆ ತಾಗಿದರೆ ಆ ಉಕ್ಕು ಒಂಚೂರು ಬಳುಕುತ್ತೆ. ಒಂದು ಶಾಕ್. ಟೈರು ಒಂದೂವರೆ ಇಂಚು ದಪ್ಪ, ಗಾಲಿ 28 ಇಂಚು. ದೊಡ್ಡ ಗಾಲಿ ಸಣ್ಣ ತೆಗ್ಗಿನೊಳಗೆ ಬೀಳದೆ ಮೇಲಿಂದಲೇ ಹೋಗುತ್ತೆ. ಎರಡನೇ ಶಾಕ್. ಸೀಟಿನ ಕೆಳಗೆ ಎರಡು ದಪ್ಪ ಸ್ಪ್ರಿಂಗು. ಮೂರನೇದು.

ಶಾಕ್ ಅಂದ್ರೆ ಕರೆಂಟು ಅಂತ ನಗಿಸಿದ ಅಪ್ಪ, ಅರವತ್ತು ವರ್ಷ ಮೂರು ಶಾಕ್ ಇಟ್ಕೊಂಡೇ ಓಡಾಡಿದ್ದರು.

ಇಲ್ಲಿ ನನ್ನದೂ ಒಂದು ಮಾತು ಸೇರಿಸ್ತೀನಿ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡ್ತು. ಮುಂದಿನ ವರ್ಷವೇ ನನಗೂ ಒಂದು ಬಂತು. ಅದಕ್ಕೂ ಶಾಕ್ ಇರಲಿಲ್ಲ. ಹೈಸ್ಕೂಲಿನ ಮೂರು ವರ್ಷ, ಮಳೆ, ಬಿಸಿಲು, ಎರಿ ಮಣ್ಣು ಎಲ್ಲದರಲ್ಲೂ ಓಡಿಸಿದೆ. ಊರಿನಿಂದಾಚೆ ಶಾಲೆಗೆ ಹೋದ ನಮ್ಮ ಓಣಿಯ ಮೊದಲ ಹುಡುಗಿಯರಲ್ಲಿ ನಾನೂ ಒಬ್ಬಳು. ಸೈಕಲ್ ಇಲ್ಲದಿದ್ದರೆ ಇವತ್ತು ಈ ಮೈಕ್ ಮುಂದೆ ಇರ್ತಿರಲಿಲ್ಲ.

ಗುಡ್ಡದಿಂದ ಇಳಿದವರು

ಹಾಗಾದ್ರೆ ನಾವೀಗ ಶಾಕ್ ಅನ್ನೋ ಆ ಎರಡು ದಪ್ಪ ಕೊಳವೆ ಎಲ್ಲಿಂದ ಬಂತು?

ಮೂಲ ಮೋಟಾರ್‌ಸೈಕಲ್ಲಿನದು. 1935ರಲ್ಲಿ ಬಿಎಂಡಬ್ಲ್ಯು ಕಂಪನಿ ಒಂದರೊಳಗೊಂದು ಜಾರುವ ಕೊಳವೆ, ಒಳಗೆ ಸ್ಪ್ರಿಂಗು ಮತ್ತು ಎಣ್ಣೆ ಇರುವ ಫೋರ್ಕನ್ನ ತನ್ನ ಬೈಕಿಗೆ ಹಾಕಿತು. ನಿಮ್ಮ ಮನೆಯ ಸ್ಪ್ಲೆಂಡರ್ ಮುಂದೆ ಇರೋದೂ ಅದೇ ಜಾತಿ. ಸೈಕಲ್ಲಿನಲ್ಲಿ 1962ರಲ್ಲಿ ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ ಸಣ್ಣ ಗಾಲಿಯ ಸೈಕಲ್ ಮಾಡಿ ಹಿಂದೆ ಮುಂದೆ ಸಸ್ಪೆನ್ಷನ್ ಕೊಟ್ಟರು. ಗಾಲಿ ಸಣ್ಣದಾದಷ್ಟೂ ತೆಗ್ಗು ಜಾಸ್ತಿ ಹೊಡೆಯುತ್ತೆ, ಅದಕ್ಕೇ ಅದು ಬೇಕಾಯ್ತು.

ಆದರೆ ನಮ್ಮ ಹುಡುಗನ ಫೋನಿನಲ್ಲಿದ್ದ ಶಾಕಿನ ಕಥೆ ಕ್ಯಾಲಿಫೋರ್ನಿಯಾದ ಒಂದು ಗುಡ್ಡದ್ದು. 1970ರ ದಶಕದಲ್ಲಿ ಮೌಂಟ್ ಟಮಾಲ್‌ಪಾಯಸ್ ಅನ್ನೋ ಗುಡ್ಡದ ಸುತ್ತ ಕೆಲವು ಹುಡುಗರು 1930-40ರ ದಶಕದ ಹಳೇ ಶ್ವಿನ್ ಸೈಕಲ್ ಹುಡುಕಿ ತಂದು ಮಣ್ಣಿನ ದಾರಿಯಲ್ಲಿ ಇಳಿಯೋಕೆ ಶುರು ಮಾಡಿದರು. ಯಾಕೆ ಅದೇ ಸೈಕಲ್? ಶ್ವಿನ್ ಕಂಪನಿ 1933ರಲ್ಲಿ ಅಮೆರಿಕಕ್ಕೆ ತಂದ ಬಲೂನ್ ಟೈರು ಅದಕ್ಕಿತ್ತು. 26 ಇಂಚಿನ ಗಾಲಿ, ಎರಡು ಇಂಚು ದಾಟಿದ ದಪ್ಪ. ನೋಡಿ, ಮತ್ತೆ ಟೈರು!

1976ರ ಅಕ್ಟೋಬರ್ 21ರಂದು ಅಲ್ಲಿ "ರಿಪ್ಯಾಕ್" ಅನ್ನೋ ಮೊದಲ ರೇಸ್ ನಡೀತು. ಸುಮಾರು 3 ಕಿಲೋಮೀಟರಿನಲ್ಲಿ 400 ಮೀಟರ್ ಇಳಿಜಾರು. ಒಂದು ಸಲ ಇಳಿದು ಬರೋದರೊಳಗೆ ಹಿಂದಿನ ಹಬ್ಬಿನ ಬ್ರೇಕ್ ಎಷ್ಟು ಕಾಯ್ತಿತ್ತು ಅಂದ್ರೆ ಒಳಗಿನ ಗ್ರೀಸ್ ಹೊಗೆಯಾಗಿ ಹೋಗ್ತಿತ್ತು. ಮತ್ತೆ ಗ್ರೀಸ್ ತುಂಬಬೇಕು, ಅಂದ್ರೆ ರಿಪ್ಯಾಕ್ ಮಾಡಬೇಕು. ಅದೇ ಹೆಸರಾಯ್ತು. ಗ್ಯಾರಿ ಫಿಶರ್, ಜೋ ಬ್ರೀಝ್, ಚಾರ್ಲಿ ಕೆಲ್ಲಿ, ಟಾಮ್ ರಿಚಿ ಇವರೆಲ್ಲ ಆ ಗುಂಪಿನವರು. ಇವರ ಕೈಯಲ್ಲೇ ಮೌಂಟೇನ್ ಬೈಕ್ ಹುಟ್ಟಿದ್ದು. ಸುಮಾರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ಸೈಕಲ್ಲುಗಳ ಮುಂದೆ ಇದ್ದದ್ದು ಗಟ್ಟಿ ಫೋರ್ಕೇ.

ಪಾಲ್ ಟರ್ನರ್ ಅನ್ನೋರು ಹೋಂಡಾ ಮೋಟೋಕ್ರಾಸ್ ಬೈಕುಗಳ ಮೇಲೆ ಕೆಲಸ ಮಾಡಿದ ಮೆಕ್ಯಾನಿಕ್. ಅಲ್ಲಿ ಕಲಿತದ್ದನ್ನ ಸೈಕಲ್ಲಿಗೆ ತಂದು 1989ರಲ್ಲಿ ರಾಕ್‌ಶಾಕ್ಸ್ ಕಂಪನಿ ಕಟ್ಟಿದರು. ಮೊದಲ ಫೋರ್ಕಿನ ಹೆಸರು ಆರ್‌ಎಸ್-1. ಅದು ಕೆಳಗೆ ಮೇಲೆ ಆಡುತ್ತಿದ್ದದ್ದು ಎಷ್ಟು ಗೊತ್ತಾ? 48 ಮಿಲಿಮೀಟರ್. ಎರಡು ಇಂಚೂ ಇಲ್ಲ. ಆದರೆ ಒಳಗೆ ಹವಾ ಇತ್ತು, ಎಣ್ಣೆ ಇತ್ತು. 1990ರಲ್ಲಿ ಅಮೆರಿಕದ ಡುರಾಂಗೋದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಗ್ರೆಗ್ ಹರ್ಬೋಲ್ಡ್ ಇದೇ ಫೋರ್ಕ್ ಹಾಕ್ಕೊಂಡು ಡೌನ್‌ಹಿಲ್ ಗೆದ್ದರು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮೌಂಟೇನ್ ಬೈಕ್ ಸೇರಿತು. ಆಮೇಲೆ ಅಂಗಡಿಯಲ್ಲಿ ಶಾಕ್ ಇಲ್ಲದ ಎಂಟಿಬಿ ಹಳೇದು ಅನ್ನಿಸೋಕೆ ಶುರುವಾಯ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಶಾಕ್ ಹುಟ್ಟಿದ್ದು ಕೂತವರಿಗೆ ಸುಖ ಕೊಡೋಕಲ್ಲ. ಜೋರಾಗಿ ಇಳಿಯುವಾಗ ಮುಂದಿನ ಗಾಲಿ ನೆಲ ಬಿಡಬಾರದು ಅಂತ. ಗಾಲಿ ನೆಲದ ಮೇಲೆ ಇದ್ದರೆ ಮಾತ್ರ ಹ್ಯಾಂಡಲ್ ಮಾತು ಕೇಳುತ್ತೆ, ಬ್ರೇಕ್ ಹಿಡಿಯುತ್ತೆ.

ನರಕದ ದಾರಿಯಲ್ಲಿ ಒಂದು ಪ್ರಯೋಗ

ನಮ್ಮ ಜಿಲ್ಲೆಯ ಸೈಕ್ಲಿಸ್ಟುಗಳು ಹೆಚ್ಚಿನವರು ರೋಡ್ ರೇಸಿನವರು. ಅವರಿಗೆ ಈ ಕಥೆ ಇಷ್ಟ ಆಗುತ್ತೆ.

ಫ್ರಾನ್ಸಿನಲ್ಲಿ ಪ್ಯಾರಿಸ್-ರುಬೆ ಅಂತ ಒಂದು ರೇಸಿದೆ. 1896ರಿಂದ ನಡೀತಿದೆ. ಹೊಲದ ನಡುವಿನ ಕಲ್ಲು ಹಾಸಿದ ಹಳೇ ದಾರಿಯ ಮೇಲೆ ರೋಡ್ ಸೈಕಲ್ ಓಡಿಸಬೇಕು. ಅದಕ್ಕೆ "ಉತ್ತರದ ನರಕ" ಅಂತಲೇ ಹೆಸರು. 1992ರಲ್ಲಿ ಗಿಲ್ಬೆರ್ ಡ್ಯುಕ್ಲೋ-ಲಸಾಲ್ ಅನ್ನೋ 37 ವರ್ಷದ ಸವಾರ ತನ್ನ ರೋಡ್ ಸೈಕಲ್ಲಿಗೆ ರಾಕ್‌ಶಾಕ್ಸ್ ಫೋರ್ಕ್ ಹಾಕ್ಕೊಂಡು ಬಂದು ಗೆದ್ದ. 1993ರಲ್ಲಿ ಮತ್ತೆ ಗೆದ್ದ, ಫ್ರಾಂಕೊ ಬಲ್ಲೆರಿನಿಯನ್ನ ಕೂದಲೆಳೆಯಲ್ಲಿ ಸೋಲಿಸಿ. 1994ರಲ್ಲಿ ಆಂದ್ರೇ ಚ್ಮಿಲ್ ಕೂಡ ಶಾಕ್ ಇರುವ ಸೈಕಲ್ಲಿನಲ್ಲೇ ಗೆದ್ದ.

ಅಲ್ಲಿಗೆ ಮುಗೀತು, ಇನ್ನು ಎಲ್ಲರೂ ಶಾಕ್ ಹಾಕ್ತಾರೆ ಅಂದ್ಕೊಂಡ್ರಾ? ಇಲ್ಲ. 1995ರಲ್ಲಿ ಅದೇ ಬಲ್ಲೆರಿನಿ ಶಾಕ್ ಇಲ್ಲದ ಕಾರ್ಬನ್ ಸೈಕಲ್ಲಿನಲ್ಲಿ ಗೆದ್ದ. ಕಲ್ಲಿನ ಭಾಗಕ್ಕಿಂತ ಡಾಂಬರಿನ ಭಾಗ ಎಷ್ಟೋ ಜಾಸ್ತಿ, ಅಷ್ಟೂ ದೂರ ಆ ತೂಕ ಹೊರಬೇಕಲ್ಲ? ನಿಧಾನಕ್ಕೆ ಅಂಥ ಫೋರ್ಕುಗಳು ರೋಡ್ ರೇಸಿನಿಂದ ಮಾಯವಾದವು. ಈಗ ಅಲ್ಲಿ ಓಡೋರು ಏನು ಮಾಡ್ತಾರೆ? ಟೈರು ದಪ್ಪ ಮಾಡ್ಕೊಂಡಿದ್ದಾರೆ, 30 ಮಿಲಿಮೀಟರ್ ದಾಟಿದೆ. ಹವಾ ಕಡಿಮೆ ಮಾಡ್ಕೊಂಡಿದ್ದಾರೆ. ಡನ್ಲಪ್ ಸಾಹೇಬರು ಬದುಕಿದ್ದಿದ್ದರೆ ಮೀಸೆಯಲ್ಲೇ ನಗ್ತಿದ್ದರು.

ನನ್ನ ಎಡಗೈ ಹೇಳುವ ಕಥೆ

ಈಗ ಸ್ವಲ್ಪ ನೋವಿನ ಭಾಗ.

2016ರಲ್ಲಿ ಮೊದಲ ಕೆಲಸ, ಮೊದಲ ಸಂಬಳ. ಒಂದು ಸೈಕಲ್ ತಗೊಂಡೆ. ಮುಂದೆ ಶಾಕ್, ಹಿಂದೆ ಶಾಕ್, ಕೆಂಪು ಬಣ್ಣ. ಕಂಪನಿ ಹೆಸರು ಬೇಡ. ಬೆಲೆ ಕಡಿಮೆ ಇತ್ತು, ನೋಡೋಕೆ ಮೋಟಾರ್‌ಸೈಕಲ್ ಹಾಗಿತ್ತು. ಓಣಿಯ ಹುಡುಗರು ಬಂದು ಹ್ಯಾಂಡಲ್ ಒತ್ತಿ ನೋಡ್ತಿದ್ದರು. ಪುಸ್ ಪುಸ್ ಅಂತ ಆಡ್ತಿತ್ತು.

ಎರಡು ಮಳೆಗಾಲ ಕಳೀತು. ಮೂರನೇದರ ಹೊತ್ತಿಗೆ ಬಸವನ ಬಾಗೇವಾಡಿ ಕಡೆ ಹೊರಟಿದ್ದೆ. ಡೋಣಿ ಹೊಳೆ ಕಡೆಗೆ ಇಳಿಯೋ ಒಂದು ಕಚ್ಚಾ ದಾರಿ. ಒಂದು ತೆಗ್ಗು ಬಂತು. ಮುಂದಿನ ಶಾಕ್ ಪೂರ್ತಿ ಒಳಗೆ ಹೋಯ್ತು. ಆಮೇಲೆ ರಬ್ಬರ್ ಚೆಂಡು ಪುಟಿದ ಹಾಗೆ ಅಷ್ಟೇ ಜೋರಿನಲ್ಲಿ ಹೊರಗೆ ಬಂತು. ಗಾಲಿ ಗಾಳಿಯಲ್ಲಿ, ಹ್ಯಾಂಡಲ್ ಅಡ್ಡ, ನಾನು ನೆಲದಲ್ಲಿ. ಎಡ ಮಣಿಕಟ್ಟು ಮುರೀತು. ಆರು ವಾರ ಪ್ಲಾಸ್ಟರ್.

ಸೈಕಲ್ ರಿಪೇರಿಗೆ ಹೋದಾಗ ಮೇಸ್ತ್ರಿ ಆ ಫೋರ್ಕ್ ಬಿಚ್ಚಿ ತೋರಿಸಿದರು. ಒಂದು ಕಾಲಿನೊಳಗೆ ಸ್ಪ್ರಿಂಗು, ಅದಕ್ಕೆ ತುಕ್ಕು. ಇನ್ನೊಂದು ಕಾಲು ಖಾಲಿ. ಹನಿ ಎಣ್ಣೆ ಇಲ್ಲ. ಸಂದಿಯಲ್ಲಿ ಎರಿ ಮಣ್ಣು ಒಣಗಿ ಸಿಮೆಂಟಿನ ಹಾಗೆ ಕೂತಿತ್ತು.

"ಅಕ್ಕಾರ, ಇದು ಶಾಕ್ ಅಲ್ಲರೀ. ಶಾಕಿನ ವೇಷ" ಅಂದರು.

ಅವತ್ತು ಕಲಿತ ಪಾಠ ಇದು. ಶಾಕ್ ಅಂದ್ರೆ ಎರಡು ಕೆಲಸ. ಒಂದು, ಹೊಡೆತ ಬಂದಾಗ ಒಳಗೆ ಹೋಗೋದು. ಅದನ್ನ ಸ್ಪ್ರಿಂಗು ಅಥವಾ ಹವಾ ಮಾಡುತ್ತೆ. ಎರಡು, ವಾಪಸ್ ಬರುವಾಗ ಮೆಲ್ಲಗೆ ಬರೋದು. ಬ್ಯಾಂಕಿನ ಗಾಜಿನ ಬಾಗಿಲು ದೂಡಿದರೆ ತಾನೇ ನಿಧಾನಕ್ಕೆ ಮುಚ್ಚಿಕೊಳ್ಳುತ್ತಲ್ಲ, ಹಾಗೆ. ಈ ಎರಡನೇ ಕೆಲಸ ಮಾಡೋದು ಸಣ್ಣ ತೂತುಗಳ ಮೂಲಕ ಹರಿಯುವ ಎಣ್ಣೆ. ಅದಕ್ಕೆ ಡ್ಯಾಂಪರ್ ಅಂತಾರೆ. ಅಗ್ಗದ ಫೋರ್ಕುಗಳಲ್ಲಿ ಬಹಳಷ್ಟು ಸಲ ಮೊದಲನೆಯದು ಇರುತ್ತೆ, ಎರಡನೆಯದು ಇರೋದಿಲ್ಲ. 1989ರ ಆರ್‌ಎಸ್-1 ಆಡಿದ್ದು ಎರಡು ಇಂಚಿಗಿಂತ ಕಡಿಮೆ. ನನ್ನ ಕೆಂಪು ಸೈಕಲ್ ಅದಕ್ಕಿಂತ ಜಾಸ್ತಿ ಆಡ್ತಿತ್ತು. ಅದು ವಿಶ್ವ ಚಾಂಪಿಯನ್ ಮಾಡ್ತು, ಇದು ಕೈ ಮುರೀತು. ವ್ಯತ್ಯಾಸ ಇದ್ದದ್ದು ಎಣ್ಣೆಯಲ್ಲಿ.

ತೂಕವೂ ನೋಡಿ. ಅಗ್ಗದ ಸ್ಪ್ರಿಂಗ್ ಫೋರ್ಕ್ ಎರಡೂವರೆ ಕೆಜಿ ಮೇಲೆ. ಒಳ್ಳೆ ಏರ್ ಫೋರ್ಕ್ ಒಂದೂವರೆಯಿಂದ ಎರಡು ಕೆಜಿ. ಉಕ್ಕಿನ ಗಟ್ಟಿ ಫೋರ್ಕ್ ಸುಮಾರು ಒಂದು ಕೆಜಿ. ದಿನಾ 18 ಕಿಲೋಮೀಟರ್ ತುಳಿಯೋ ಹುಡುಗನ ಕಾಲಿಗೆ ಈ ಲೆಕ್ಕ ಗೊತ್ತಾಗುತ್ತೆ.

ಏಳು ಸಾವಿರದ ಶಾಕ್ ಕೂರುತ್ತಾ?

ಇಷ್ಟು ಓದಿಕೊಂಡು ಅಳಿಯನನ್ನ ಕೂರಿಸ್ಕೊಂಡೆ. ಅವನ ಸೈಕಲ್ಲು, ಆ ಫೋರ್ಕಿನ ಫೋಟೋ, ಒಂದು ಟೇಪು. ಸೆಕೆಂಡ್ ಹ್ಯಾಂಡ್ ತಗೊಳ್ಳೋರೆಲ್ಲ ಇದನ್ನ ಸ್ಕ್ರೀನ್‌ಶಾಟ್ ಮಾಡಿ ಇಟ್ಕೊಳ್ಳಿ.

ಮೊದಲು ಗಾಲಿ. ಅವನದು 26 ಇಂಚು, ಫೋರ್ಕ್ 29 ಇಂಚಿನದು. ಅದು ಉದ್ದ ಇರುತ್ತೆ, ಹಾಕಿದರೆ ಸೈಕಲ್ಲಿನ ಮೂತಿ ಮೇಲೇಳುತ್ತೆ. ಸುಮಾರು 20 ಮಿಲಿಮೀಟರ್ ಎತ್ತರಕ್ಕೆ ಹ್ಯಾಂಡಲ್ಲಿನ ಕೋನ ಒಂದು ಡಿಗ್ರಿ ಬದಲಾಗುತ್ತೆ. ಏರು ಹತ್ತುವಾಗ ಮುಂದಿನ ಗಾಲಿ ಅಲೆದಾಡುತ್ತೆ, ಫ್ರೇಮಿನ ಬೆಸುಗೆಗೂ ಜಾಸ್ತಿ ಭಾರ.

ಎರಡನೇದು ಮೇಲಿನ ಕೊಳವೆ, ಅಂದ್ರೆ ಫ್ರೇಮಿನೊಳಗೆ ಹೋಗಿ ಹ್ಯಾಂಡಲ್ ಹಿಡಿಯುವ ಭಾಗ. ಅವನ ಫ್ರೇಮಿಗೆ ಬೇಕಾದದ್ದು ಮೇಲಿಂದ ಕೆಳಗೆ ಒಂದೇ ದಪ್ಪದ್ದು, 28.6 ಮಿಲಿಮೀಟರ್. ಮಾರಾಟಕ್ಕಿದ್ದದ್ದು ಕೆಳಗೆ ದಪ್ಪ ಆಗುವ ಟೇಪರ್ಡ್. ಒಳಗೇ ಹೋಗಲ್ಲ. ಹೋಗುವಂಥದ್ದು ಸಿಕ್ಕರೂ ಹಳೇ ಮಾಲೀಕ ಅದನ್ನ ತನ್ನ ಅಳತೆಗೆ ಕೊಯ್ದಿರ್ತಾನೆ. ಉದ್ದ ಸಾಲುತ್ತಾ ನೋಡಬೇಕು.

ಮೂರನೇದು ಬ್ರೇಕ್. ಇವನದು ರಿಮ್ ಹಿಡಿಯುವ ವಿ-ಬ್ರೇಕ್. ಆ ಫೋರ್ಕಿನಲ್ಲಿ ಡಿಸ್ಕಿಗೆ ಮಾತ್ರ ಜಾಗ. ನಾಲ್ಕನೇದು ಆಕ್ಸಲ್. ಅದಕ್ಕೆ 15 ಮಿಲಿಮೀಟರಿನ ದಪ್ಪ ಆಕ್ಸಲ್ ಬೇಕು, ಅಂದ್ರೆ ಹೊಸ ಹಬ್ಬು, ಹೊಸ ಗಾಲಿ.

ಐದನೇದು ಆರೋಗ್ಯ. ಹೊಳೆಯುವ ಕಾಲಿನ ಮೇಲೆ ಉಗುರು ಎಳೆದು ನೋಡಿ. ಗೀರು ಸಿಕ್ಕಿದರೆ ಎಣ್ಣೆ ಸೋರುತ್ತೆ, ಧೂಳು ಒಳಗೆ ಹೋಗುತ್ತೆ. ಒಳ್ಳೆ ಫೋರ್ಕಿಗೆ ಸುಮಾರು 50 ತಾಸು ಓಡಿಸಿದ ಮೇಲೆ ಕೆಳಗಿನ ಕಾಲು ಬಿಚ್ಚಿ ಎಣ್ಣೆ ಬದಲಿಸಬೇಕು ಅಂತ ಕಂಪನಿಗಳೇ ಹೇಳ್ತವೆ. ದಿನಾ ಓಡಿಸೋರಿಗೆ 50 ತಾಸು ಅಂದ್ರೆ ಎರಡು ತಿಂಗಳೂ ಇಲ್ಲ. ಹವಾ ತುಂಬೋಕೆ ಬೇರೆ ಪಂಪ್ ಬೇಕು, ಪಂಕ್ಚರ್ ಅಂಗಡಿಯ ಪಂಪ್ ನಡೆಯಲ್ಲ.

ಎಲ್ಲ ಕೂಡಿಸಿದಾಗ ಏಳು ಸಾವಿರದ ಶಾಕಿನ ಖರ್ಚು ಅವನ ಸೈಕಲ್ಲಿನ ಬೆಲೆಯನ್ನೇ ದಾಟಿತು. ಹುಡುಗನ ಮುಖ ಬಾಡಿತು.

"ಹಂಗಾರ ಶಾಕ್ ಬ್ಯಾಡಂತಿ?"

"ಬ್ಯಾಡ ಅನ್ನೂದಿಲ್ಲ. ನಮ್ಮ ನೆಲಕ್ಕ ಎಷ್ಟು ಬೇಕು ಅಂತ ನೆಲಾನ ಕೇಳೂಣು."

ನಾಲ್ಕು ತಾಲ್ಲೂಕು, ಮೂರು ದಿನ

ಡಿಸೆಂಬರಿನಲ್ಲಿ ಇಬ್ಬರೂ ಹೊರಟೆವು. ಅದಕ್ಕೂ ಮುಂಚೆ ಎಂಟು ಸಾವಿರದಲ್ಲಿ ಸ್ವಲ್ಪ ತೆಗೆದು ಅವನ ಸೈಕಲ್ಲಿಗೆ ಎರಡು ಹೊಸ ಟೈರು ಹಾಕಿಸಿದೆವು. ಫ್ರೇಮಿನಲ್ಲಿ ಜಾಗ ಅಳೆದು ನೋಡಿ, 2.2 ಇಂಚಿನವು. ಹೊಸ ಬ್ರೇಕ್ ರಬ್ಬರು, ಒಂದು ಜೊತೆ ಗ್ಲೌಸು. ಹವಾ ಮಾತ್ರ ಕಲ್ಲಿನ ಹಾಗೆ ತುಂಬಿಸಲಿಲ್ಲ. ಅವನ ತೂಕ 55 ಕೆಜಿ, ಹಾಗಾಗಿ 32 ಪಿಎಸ್‌ಐ. ನಿಯಮ ಒಂದೇ: "ಇಲ್ಲಿ ಶಾಕ್ ಬೇಕಿತ್ತು" ಅಂತ ಅನ್ನಿಸಿದಾಗಲೆಲ್ಲ ನಿಂತು ಫೋನಿನಲ್ಲಿ ಒಂದು ಗುರುತು ಹಾಕಬೇಕು.

ಇಂಡಿ ಕಡೆ ನಿಂಬೆ ತೋಟಗಳ ನಡುವಿನ ದಾರಿ. ಎರಿ ಒಣಗಿ ಬಿರುಕು ಬಿಟ್ಟಿತ್ತು, ಅಲ್ಲಲ್ಲಿ ಖಡಿ. ದಪ್ಪ ಟೈರು ನುಂಗಿಕೊಂಡು ಹೋಯ್ತು. ಎರಡು ಗುರುತು. ಸಿಂದಗಿ ಕಡೆ ನೆಲ ಸಪಾಟು, ಆದ್ರೆ ಕಬ್ಬಿನ ಟ್ರ್ಯಾಕ್ಟರುಗಳು ಕೊರೆದ ಜಾಡು ಆಳ. ಅಲ್ಲಿ ಬೇಕಾದದ್ದು ಶಾಕ್ ಅಲ್ಲ, ಕಣ್ಣು. ಒಂದು ಗುರುತು. ತಾಳಿಕೋಟೆಯಲ್ಲಿ ರಾತ್ರಿ ಸಂಬಂಧಿಕರ ಮನೆ, ಬಿಸಿ ರೊಟ್ಟಿ, ಎಣಗಾಯಿ.

ಮರುದಿನ ಮುದ್ದೇಬಿಹಾಳ ಕಡೆ ಡಾಂಬರು ಬಿಟ್ಟು ಒಂದು ಕಲ್ಲಿನ ಗುಡ್ಡ ಹತ್ತಿದೆವು. ಹತ್ತೋದು ಸರಿ. ಇಳಿಯುವಾಗ ಕಲ್ಲು ಮೆಟ್ಟಿಲು ಮೆಟ್ಟಿಲಾಗಿ ಬಂತು. ನಾನು ನನ್ನ ಎಡಗೈ ನೆನಪಿಸ್ಕೊಂಡು ಕೆಳಗಿಳಿದು ತಳ್ಳಿಕೊಂಡೇ ಬಂದೆ. ಅವನು ಓಡಿಸಿದ. ಕೆಳಗೆ ಬಂದು ಕೈ ಝಾಡಿಸುತ್ತಾ ಕೂತ, ಮಾತಿಲ್ಲ. ಆ ಒಂದೇ ಗುಡ್ಡಕ್ಕೆ ಒಂಬತ್ತು ಗುರುತು.

ಮೂರನೇ ದಿನ ಆಲಮಟ್ಟಿ ನೋಡ್ಕೊಂಡು ಬಸವನ ಬಾಗೇವಾಡಿ. ನಾನು ಬಿದ್ದಿದ್ದ ಆ ಇಳಿಜಾರಿನಲ್ಲೂ ಹೋದೆವು. ತೆಗ್ಗು ಇನ್ನೂ ಇತ್ತು. ಅವನು ಸೀಟಿನಿಂದ ಎದ್ದು, ಮೊಣಕೈ ಸಡಿಲ ಬಿಟ್ಟು ದಾಟಿದ. ಅಲ್ಲಿ ಗುರುತು ಹಾಕಲಿಲ್ಲ.

ಒಟ್ಟು ಹನ್ನೆರಡು. ಅದರಲ್ಲಿ ಒಂಬತ್ತು ಒಂದೇ ಗುಡ್ಡದಲ್ಲಿ.

ಈಗ ಲೆಕ್ಕ ಅವನಿಗೇ ಅರ್ಥ ಆಯ್ತು. ಕಾಲೇಜಿಗೆ ಹೋಗೋ ದಾರಿಗೆ ಟೈರು ಸಾಕು. ಆದ್ರೆ ರೇಸ್ ನಡೆಯೋದು ಆ ಗುಡ್ಡದಂಥ ಜಾಗದಲ್ಲಿ. ಗದಗದ ಕಡೆ ಗುಡ್ಡಗಳಲ್ಲಿ ರಾಷ್ಟ್ರೀಯ ಎಂಟಿಬಿ ಸ್ಪರ್ಧೆಯೇ ನಡೆದಿದೆ. ಅಲ್ಲಿಗೆ ಹೋಗೋದಾದರೆ ನಿಜವಾದ ಶಾಕ್ ಬೇಕೇ ಬೇಕು: ಹವಾ, ಎಣ್ಣೆ ಎರಡೂ ಇರುವ, 100ರಿಂದ 120 ಮಿಲಿಮೀಟರ್ ಆಡುವ, ಅದಕ್ಕೆಂದೇ ಮಾಡಿದ ಫ್ರೇಮಿನ ಮೇಲೆ ಕೂತದ್ದು. ವೇಷ ಹಾಕಿದ್ದಲ್ಲ. ಅದಕ್ಕೆ ಇನ್ನೂ ಎರಡು ಸೂಟಿ ನಿಂಬೆಕಾಯಿ ಹರೀಬೇಕು. ನನ್ನ ಕಡೆಯಿಂದಲೂ ಒಂದು ಪಾಲು ಅಂತ ಮಾತು ಕೊಟ್ಟಿದ್ದೀನಿ. ಮೊದಲ ಟ್ರಯಲ್‌ಗೆ ಇದೇ ಸೈಕಲ್ಲಿನಲ್ಲಿ ಹೋಗ್ತಾನೆ. ಅಲ್ಲಿ ಎಷ್ಟನೇಯವನಾಗಿ ಬರ್ತಾನೋ ಗೊತ್ತಿಲ್ಲ. ಆದ್ರೆ ಯಾವುದಕ್ಕೆ ದುಡ್ಡು ಕೂಡಿಸ್ತಿದ್ದೀನಿ ಅನ್ನೋದು ಈಗ ಅವನಿಗೆ ಗೊತ್ತು.

ಇನ್ನೂರು ವರ್ಷದ ಈ ಇತಿಹಾಸದಲ್ಲಿ ನನಗೆ ಕಂಡದ್ದು ಇಷ್ಟು. ಪ್ರತಿ ಸಲ ಸರಿಯಾದ ಉತ್ತರ ಕಂಡುಕೊಂಡವರು ಮೊದಲು ನೆಲ ನೋಡಿದರು, ಆಮೇಲೆ ಸಾಮಾನು ಮಾಡಿದರು. ನಾನು 2016ರಲ್ಲಿ ಮೊದಲು ಸಾಮಾನು ನೋಡಿದ್ದೆ.

ಸಂಜೆ ಮನೆ ಮುಟ್ಟಿದಾಗ ಅಪ್ಪ ಕಟ್ಟೆ ಮೇಲೆ ಕೂತಿದ್ದರು. ಮೊಮ್ಮಗ ಸೈಕಲ್ ನಿಲ್ಲಿಸಿ ಮೂರು ದಿನದ ಕಥೆ ಒಂದೇ ಉಸಿರಿನಲ್ಲಿ ಹೇಳಿದ: ಡುರಾಂಗೋ, ಡ್ಯಾಂಪರ್, ಹನ್ನೆರಡು ಗುರುತು. ಅಪ್ಪ ಎಲ್ಲ ಕೇಳಿದರು. ಎದ್ದು ಬಂದು ಮುಂದಿನ ಟೈರನ್ನ ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಹವಾ ಸರಿ ಐತಿ" ಅಂದರು.

ನಿಮ್ಮ ಮನೆಯಲ್ಲೂ ಇಂಥ ಒಂದು ಹಳೇ ಸೈಕಲ್ ಇರಬಹುದು. ಅದರ ಫೋರ್ಕ್ ಎಷ್ಟು ಬಾಗಿದೆ ಅಂತ ಇವತ್ತು ಒಂದು ಸಲ ಹೋಗಿ ನೋಡಿ. ಅದನ್ನ ಓಡಿಸಿದವರು ಮನೆಯಲ್ಲಿದ್ದರೆ ಯಾವ ದಾರಿಯಲ್ಲಿ ಓಡಿಸಿದರು ಅಂತ ಕೇಳಿ, ಅವರ ಮಾತನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೂ ಹೆಲ್ಮೆಟ್ ಹಾಕ್ಕೊಳ್ಳಿ, ಹವಾ ನೋಡ್ಕೊಳ್ಳಿ.